ತುಂಬು ಎದೆಗೆ ಒಪ್ಪುವ ಉಡುಪು ಹೊಲಿದ ಇಡಾ ರೊಸೆಂಥಾಲ್

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿಗೆ ರೇಷ್ಮೆ ಸೀರೆ ಕೊಳ್ಳಲು ಬರುವ ಮದುವೆ ಮನೆಯವರು ಅರ್ಧ ದಿನವನ್ನಾದರೂ ಅದಕ್ಕೆಂದೇ ಮೀಸಲಿಡುತ್ತಾರೆ. ಅಂಚು, ಸೆರಗು, ಬಣ್ಣ, ಜರಿ ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಿ, ಹಿರಿಯರ ಒಪ್ಪಿಗೆ ಪಡೆದು, ಚೌಕಾಶಿ ಮುಗಿಸಿ ಏಳುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ. ಅದೇ ಸೀರೆಯ ರವಿಕೆಯೊಳಗೆ ತೊಡುವ ಉಡುಪಿನ ಖರೀದಿಗೆ ಐದು ನಿಮಿಷವೂ ಬೇಕಿಲ್ಲ. ಮೊಳಕಾಲ್ಮೂರಾಗಲಿ, ಪಕ್ಕದ ಚಳ್ಳಕೆರೆಯಾಗಲಿ, ಬಟ್ಟೆ ಅಂಗಡಿಯ ಮುಂದೆ ನಿಂತು, ಅಕ್ಕಪಕ್ಕ ಯಾರಿದ್ದಾರೆಂದು ನೋಡಿ, ತಗ್ಗಿದ ದನಿಯಲ್ಲಿ 34 ಎಂದೋ 38 ಎಂದೋ ಒಂದು ಸಂಖ್ಯೆ ಹೇಳಿದರೆ ಸಾಕು, ಕಾಗದದಲ್ಲಿ ಸುತ್ತಿದ ಪೊಟ್ಟಣ ಕೈಗೆ ಬರುತ್ತದೆ. ಹಾಕಿ ನೋಡುವ ಮಾತಿಲ್ಲ, ಹಿಂತಿರುಗಿಸುವ ಮಾತಂತೂ ಇಲ್ಲವೇ ಇಲ್ಲ.

ಮೈ ತೆಳ್ಳಗಿರುವವರು ಇದರಲ್ಲಿ ಹೇಗೋ ಸುಧಾರಿಸಿಕೊಳ್ಳುತ್ತಾರೆ. ತುಂಬು ಎದೆಯ ಹೆಣ್ಣುಮಕ್ಕಳ ಪಾಡು ಬೇರೆ. ಒಂದೇ ಸಂಖ್ಯೆಯನ್ನು ನಂಬಿ ತಂದ ಬ್ರಾ ಎದೆಗೆ ಸರಿಹೋದರೆ ಬೆನ್ನಿನ ಪಟ್ಟಿ ಸಡಿಲ, ಪಟ್ಟಿ ಸರಿಹೋದರೆ ಎದೆ ಹೊರಚೆಲ್ಲುತ್ತದೆ. ಭಾರವೆಲ್ಲ ಹೆಗಲಿನ ಎರಡು ಕಿರುಪಟ್ಟಿಗಳ ಮೇಲೆ ಬಿದ್ದು, ಸಂಜೆಯ ಹೊತ್ತಿಗೆ ಭುಜದಲ್ಲಿ ಕೆಂಪು ಬರೆ ಮೂಡಿರುತ್ತದೆ. ಇಷ್ಟಾಗಿಯೂ ದೊಡ್ಡ ಅಳತೆಯಲ್ಲಿ ಸಿಗುವುದು ಬಹುತೇಕ ಬಿಳಿ ಅಥವಾ ಚರ್ಮದ ಬಣ್ಣದ, ಸೊಗಸಿನ ಹಂಗೇ ಇಲ್ಲದ ದಪ್ಪ ಬಟ್ಟೆ.

ಇದೇ ತೊಡಕನ್ನು ಸುಮಾರು ನೂರು ವರ್ಷಗಳ ಹಿಂದೆ ನ್ಯೂಯಾರ್ಕ್ ನಗರದ ಒಂದು ಹೊಲಿಗೆ ಅಂಗಡಿಯಲ್ಲಿ ಕಂಡು, ಅದಕ್ಕೆ ಪರಿಹಾರ ಹುಡುಕಿ, ಆ ಪರಿಹಾರವನ್ನೇ ಜಗತ್ತಿಗೆ ಮಾರಿದವರು ಇಡಾ ರೊಸೆಂಥಾಲ್. ಮೇಡನ್‌ಫಾರ್ಮ್ ಎಂಬ ಹೆಸರನ್ನು ಕೇಳಿದವರು ನಮ್ಮಲ್ಲೂ ಇದ್ದಾರೆ. ಆ ಹೆಸರಿನ ಹಿಂದಿದ್ದ ಹೆಣ್ಣುಮಗಳ ಬಗ್ಗೆ ಕೇಳಿದವರು ವಿರಳ.

ಕಂತಿನ ಹೊಲಿಗೆ ಯಂತ್ರ

ಇಡಾ ಹುಟ್ಟಿದ್ದು 1886ರ ಜನವರಿಯಲ್ಲಿ, ಅಂದಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಬೆಲಾರೂಸ್ ದೇಶದಲ್ಲಿರುವ ಮಿನ್ಸ್ಕ್ ನಗರದ ಸಮೀಪದ ರಾಕೋವ್ ಎಂಬ ಸಣ್ಣ ಊರಿನಲ್ಲಿ. ಯಹೂದಿ ಕುಟುಂಬ. ಹುಟ್ಟು ಹೆಸರು ಇಡಾ ಕಗಾನೋವಿಚ್. ಹದಿಹರೆಯದಲ್ಲೇ ಹೊಲಿಗೆಯನ್ನು ಕಲಿತು ವಾರ್ಸಾ ನಗರದಲ್ಲಿ ಕೆಲಸ ಮಾಡಿದರು. ಅಲ್ಲಿಯೇ ಸಮಾಜವಾದಿ ವಿಚಾರಗಳ ಗಾಳಿಯೂ ತಾಗಿತು. ತ್ಸಾರ್ ದೊರೆಯ ಆಳ್ವಿಕೆಯಲ್ಲಿ ಯಹೂದಿಗಳಿಗೆ ನೆಮ್ಮದಿಯಿರಲಿಲ್ಲ, ಸಮಾಜವಾದಿಗಳಿಗೆ ಮೊದಲೇ ಇರಲಿಲ್ಲ. ಎರಡೂ ಆಗಿದ್ದವರು ದೇಶ ಬಿಡುವುದೇ ವಾಸಿ ಎಂಬ ಕಾಲವದು.

ಊರಿನ ಪರಿಚಯದ ಯುವಕ ವಿಲಿಯಂ ರೊಸೆಂಥಾಲ್, ರಷ್ಯಾ-ಜಪಾನ್ ಯುದ್ಧದ ಸಮಯದಲ್ಲಿ ಸೈನ್ಯದ ಕಡ್ಡಾಯ ಸೇವೆಯಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದರು. ಇಡಾ ಕೂಡ ಅಲ್ಲಿಗೆ ಹೋದರು. ನ್ಯೂಜೆರ್ಸಿ ರಾಜ್ಯದ ಹೋಬೋಕೆನ್ ಎಂಬಲ್ಲಿ ನೆಲೆಸಿ 1906ರಲ್ಲಿ ಇಬ್ಬರೂ ವಿವಾಹವಾದರು. ಕಾರ್ಖಾನೆಯ ಕೂಲಿಗೆ ಹೋಗಲು ಇಡಾ ಒಪ್ಪಲಿಲ್ಲ. ಕಂತಿನ ಮೇಲೆ ಒಂದು ಸಿಂಗರ್ ಹೊಲಿಗೆ ಯಂತ್ರ ತಂದು ಮನೆಯಲ್ಲೇ ಹೆಂಗಸರ ಉಡುಪು ಹೊಲಿಯತೊಡಗಿದರು. ಬಳ್ಳಾರಿಯ ಜೀನ್ಸ್ ತುಂಡುಗಳನ್ನು ಮನೆಗೆ ತಂದು ಹೊಲಿದುಕೊಡುವ ನಮ್ಮ ಸೀಮೆಯ ಎಷ್ಟೋ ತಾಯಂದಿರಿಗೆ ಈ ಚಿತ್ರ ಅಪರಿಚಿತವಲ್ಲ. ವ್ಯತ್ಯಾಸವಿಷ್ಟೆ, ಇಡಾ ತಮ್ಮ ಗಿರಾಕಿಗಳಿಗಾಗಿಯೇ ಹೊಲಿಯುತ್ತಿದ್ದರು. ಕೆಲವೇ ವರ್ಷಗಳಲ್ಲಿ ಕೈಕೆಳಗೆ ಹೊಲಿಗೆಯವರನ್ನು ಇರಿಸಿಕೊಳ್ಳುವಷ್ಟು ಬೆಳೆದರು. ಮಗ ಲೂಯಿಸ್, ಮಗಳು ಬಿಯಾಟ್ರಿಸ್ ಹುಟ್ಟಿದ್ದೂ ಈ ಅವಧಿಯಲ್ಲೇ. 1918ರಲ್ಲಿ ಸಂಸಾರವೂ ಉದ್ಯೋಗವೂ ನ್ಯೂಯಾರ್ಕಿನ ಮ್ಯಾನ್‌ಹಟನ್‌ಗೆ ಸ್ಥಳಾಂತರವಾದವು.

ಚಪ್ಪಟೆ ಎದೆಯ ಕಾಲ

ಮ್ಯಾನ್‌ಹಟನ್ನಿನ 57ನೇ ಬೀದಿಯಲ್ಲಿ ಎನಿಡ್ ಬಿಸೆಟ್ ಎಂಬ ಮಹಿಳೆ ಸಿರಿವಂತರ ಉಡುಪಿನ ಅಂಗಡಿ ನಡೆಸುತ್ತಿದ್ದರು. ಇಡಾ ಅವರ ಹೊಲಿಗೆಯ ಅಚ್ಚುಕಟ್ಟನ್ನು ಕಂಡು ಪಾಲುದಾರಿಕೆಗೆ ಕರೆದರು. 1920ರ ದಶಕದ ಆರಂಭದಲ್ಲಿ ರೊಸೆಂಥಾಲ್ ದಂಪತಿ ಆ ಅಂಗಡಿಗೆ 4,500 ಡಾಲರ್ ಬಂಡವಾಳ ಹೂಡಿದರು.

ಆಗಿನ ಫ್ಯಾಷನ್ ಹೇಗಿತ್ತೆಂಬುದನ್ನು ಇಲ್ಲಿ ಹೇಳಬೇಕು. ಮೂಳೆ ಹಾಗೂ ಉಕ್ಕಿನ ಪಟ್ಟಿಗಳನ್ನು ಹೊಲಿದು ಸೊಂಟ ಬಿಗಿಯುತ್ತಿದ್ದ ಕಾರ್ಸೆಟ್ ಹಿನ್ನೆಲೆಗೆ ಸರಿಯುತ್ತಿತ್ತು. 1914ರಲ್ಲಿ ಮೇರಿ ಫೆಲ್ಪ್ಸ್ ಜೇಕಬ್ ಎಂಬಾಕೆ ಎರಡು ಕರವಸ್ತ್ರ ಹಾಗೂ ರಿಬ್ಬನ್ ಸೇರಿಸಿ ಮಾಡಿದ ಹಗುರ ಒಳ ಉಡುಪಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು. ಅದು ಎದೆಯನ್ನು ಮುಚ್ಚುತ್ತಿತ್ತೇ ಹೊರತು ಎತ್ತಿ ಹಿಡಿಯುತ್ತಿರಲಿಲ್ಲ. ತುಂಬು ಮೈಯವರಿಗೆ ಅದರಿಂದ ಉಪಯೋಗವೂ ಅಷ್ಟಕ್ಕಷ್ಟೆ. ಮೊದಲ ಮಹಾಯುದ್ಧದ ನಂತರವಂತೂ ಹುಡುಗರಂತೆ ಕಾಣುವುದೇ ಚೆಲುವೆನಿಸಿತು. ಕೂದಲು ಮೋಟು, ಉಡುಪು ನೇರ, ಎದೆ ಚಪ್ಪಟೆ. ಟವೆಲ್ಲಿನಂತಹ ಪಟ್ಟಿಯೊಂದನ್ನು ಎದೆಯ ಸುತ್ತ ಬಿಗಿದು ಬೆನ್ನಿಗೆ ಹುಕ್ಕು ಹಾಕಿದರೆ ಮುಗಿಯಿತು. ದೊಡ್ಡ ಎದೆಯ ಹೆಂಗಸರು ಉಸಿರು ಹಿಡಿದು ಆ ಪಟ್ಟಿಯೊಳಗೆ ತಮ್ಮನ್ನು ತುರುಕಿಕೊಳ್ಳುತ್ತಿದ್ದರು.

ಐದಡಿಯೂ ಎತ್ತರವಿಲ್ಲದ, ತುಂಬು ಮೈಕಟ್ಟಿನ ಇಡಾಗೆ ಆ ಹಿಂಸೆ ಪುಸ್ತಕದಿಂದ ತಿಳಿಯಬೇಕಾದದ್ದಾಗಿರಲಿಲ್ಲ. ಅಂಗಡಿಯಲ್ಲಿ ಗಂಟೆಗಟ್ಟಲೆ ಶ್ರಮಿಸಿ ಹೊಲಿದ ಉಡುಪು ಆ ಪಟ್ಟಿಯ ಮೇಲೆ ತೊಟ್ಟಾಗ ಕೆಡುತ್ತಿತ್ತು. ಎನಿಡ್ ಮತ್ತು ಇಡಾ ಆ ಪಟ್ಟಿಯನ್ನು ನಡುವೆ ವಿಭಾಗಿಸಿ, ಎರಡು ಚೀಲಗಳಂತೆ ಮಾಡಿ, ನಡುವೆ ಎಲಾಸ್ಟಿಕ್ ತುಂಡು ಸೇರಿಸಿ ಉಡುಪಿನ ಒಳಗೇ ಹೊಲಿದರು. ಬಿಡುವಿನ ವೇಳೆಯಲ್ಲಿ ಶಿಲ್ಪ ಕಡೆಯುವ ಹವ್ಯಾಸವಿದ್ದ ವಿಲಿಯಂ ಅದನ್ನು ತಿದ್ದಿ ತೀಡಿದರು. ಉಬ್ಬು ತಗ್ಗುಗಳ ಲೆಕ್ಕ ಬಲ್ಲ ಕೈ ಈ ಕೆಲಸಕ್ಕೆ ಒದಗಿಬಂದದ್ದು ಕಾಕತಾಳೀಯವಿರಬಹುದು, ಫಲಿತಾಂಶ ಮಾತ್ರ ಗಟ್ಟಿಯಾಗಿತ್ತು.

ಮೊದಲಿಗೆ ಇದು ಉಡುಪಿನ ಜೊತೆಗೆ ಉಚಿತ. ಕ್ರಮೇಣ ಗಿರಾಕಿಗಳು ಮರಳಿ ಬಂದು ಉಡುಪು ಬೇಡ, ಒಳಗಿನದನ್ನು ಮಾತ್ರ ಪ್ರತ್ಯೇಕವಾಗಿ ಕೊಡಿ ಎಂದು ಕೇಳತೊಡಗಿದರು. ಬೆಲೆ ಒಂದು ಡಾಲರ್ ಎಂದು ಗೊತ್ತುಪಡಿಸಲಾಯಿತು. ಚಪ್ಪಟೆ ಪಟ್ಟಿಯ ಹೆಸರಿನಲ್ಲಿ ಹುಡುಗನ ಆಕಾರವೆಂಬ ಅರ್ಥವಿದ್ದರೆ, ಇವರು ತಮ್ಮ ಉಡುಪಿಗೆ ಕನ್ಯೆಯ ಆಕಾರವೆಂಬ ಅರ್ಥ ಬರುವಂತೆ ಮೇಡನ್ ಫಾರ್ಮ್ ಎಂದು ಹೆಸರಿಟ್ಟರು. 1920ರ ದಶಕದ ಮಧ್ಯಭಾಗಕ್ಕೆ ನ್ಯೂಜೆರ್ಸಿಯ ಬೇಯೋನ್ ಪಟ್ಟಣದಲ್ಲಿ ಕಾರ್ಖಾನೆ ಎದ್ದಿತು. ಉಡುಪಿನ ವ್ಯಾಪಾರ ನಿಂತೇಹೋಯಿತು. ಒಬ್ಬಳೇ ಇಡೀ ಉಡುಪನ್ನು ಹೊಲಿಯುವ ಬದಲು ಒಬ್ಬೊಬ್ಬರು ಒಂದೊಂದು ಭಾಗ ಹೊಲಿಯುವ ಪದ್ಧತಿ ಬಂತು. ಅನಾರೋಗ್ಯದ ಕಾರಣ ಎನಿಡ್ ಹಿಂದೆ ಸರಿದರು. ವಿನ್ಯಾಸ ವಿಲಿಯಂ ಅವರದು, ಹಣಕಾಸು ಮತ್ತು ಮಾರಾಟ ಇಡಾ ಅವರದು ಎಂದು ಕೆಲಸ ಹಂಚಿಕೆಯಾಯಿತು.

ಒಂದಲ್ಲ, ಎರಡು ಅಳತೆ

ಎಲ್ಲ ಹೆಂಗಸರ ಎದೆಯೂ ಒಂದೇ ಬಗೆಯದಲ್ಲ ಎಂಬ ಸರಳ ಸತ್ಯವನ್ನು ಕಾರ್ಖಾನೆಯ ಕತ್ತರಿಗೆ ಕಲಿಸಿದ್ದು ರೊಸೆಂಥಾಲ್ ದಂಪತಿಯ ದೊಡ್ಡ ಸಾಧನೆ. ತುಂಬು ಮೈಯವರಿಗೆ, ಎದೆಹಾಲುಣಿಸುವ ತಾಯಂದಿರಿಗೆ ಬೇರೆ ಬೇರೆ ಮಾದರಿಗಳನ್ನು ವಿಲಿಯಂ ರೂಪಿಸಿದರು. ಇಂದು ನಾವು ಕಾಣುವ ಎ, ಬಿ, ಸಿ, ಡಿ ಎಂಬ ಅಕ್ಷರಗಳ ಶ್ರೇಯಸ್ಸನ್ನೂ ಕೆಲವರು ಇವರಿಗೇ ಕಟ್ಟುತ್ತಾರೆ. ಅದು ಪೂರ್ತಿ ಸರಿಯಲ್ಲ. ಅಕ್ಷರಗಳನ್ನು ಬಳಕೆಗೆ ತಂದದ್ದು 1930ರ ದಶಕದಲ್ಲಿ ಕ್ಯಾಂಪ್ ಮತ್ತು ವಾರ್ನರ್ ಎಂಬ ಬೇರೆ ಕಂಪನಿಗಳು.

ಆ ಲೆಕ್ಕ ಕಷ್ಟದ್ದೇನಲ್ಲ. ಎದೆಯ ಕೆಳಗೆ, ಪಕ್ಕೆಲುಬಿನ ಸುತ್ತ ಟೇಪು ಹಿಡಿದಾಗ ಸಿಗುವುದು ಪಟ್ಟಿಯ ಅಳತೆ. ಎದೆಯ ಅತ್ಯಂತ ತುಂಬಿದ ಭಾಗದ ಸುತ್ತ ಹಿಡಿದಾಗ ಸಿಗುವುದು ಇನ್ನೊಂದು. ಎರಡರ ನಡುವೆ ಸುಮಾರು ಒಂದು ಅಂಗುಲ ವ್ಯತ್ಯಾಸವಿದ್ದರೆ ಎ, ಎರಡಿದ್ದರೆ ಬಿ, ಮೂರಕ್ಕೆ ಸಿ, ನಾಲ್ಕಕ್ಕೆ ಡಿ. ಅದಕ್ಕಿಂತ ಹೆಚ್ಚಿದ್ದರೆ ಅಕ್ಷರ ಇನ್ನೂ ಮುಂದಕ್ಕೆ ಹೋಗುತ್ತದೆ. ಕಂಪನಿಯಿಂದ ಕಂಪನಿಗೆ ಕೊಂಚ ಹೆಚ್ಚು ಕಡಿಮೆ ಇರುತ್ತದೆನ್ನುವುದು ನಿಜ. ಭಾರದ ಬಹುಪಾಲನ್ನು ಹೊರಬೇಕಾದದ್ದು ಬೆನ್ನು ಬಳಸಿದ ಪಟ್ಟಿಯೇ, ಹೆಗಲ ಪಟ್ಟಿಯಲ್ಲ. ಆದ್ದರಿಂದಲೇ 34ರ ಪಟ್ಟಿ, ಡಿ ಕಪ್ ಬೇಕಾದವರು 38 ಕೇಳಿ ತಂದರೆ ಎದೆ ಹಿಡಿಸಿದರೂ ಆಸರೆ ಸಿಗುವುದಿಲ್ಲ. ನಮ್ಮ ಸಣ್ಣ ಊರುಗಳ ಅಂಗಡಿಗಳಲ್ಲಿ ಇಂದಿಗೂ ಸಂಖ್ಯೆಯನ್ನಷ್ಟೇ ಕೇಳುತ್ತಾರೆ, ಅಕ್ಷರದ ಪ್ರಸ್ತಾಪ ಅಪರೂಪ.

ಹಾಗೆಂದು ಈ ತಿಳಿವಳಿಕೆ ನಮ್ಮವರಿಗೆ ಹೊಸದು ಎನ್ನಲಾಗದು. ಗುಳೇದಗುಡ್ಡದ ಖಣದಲ್ಲಿ ಹೊಲಿದ ಕುಪ್ಪಸವನ್ನು ಎದೆಯ ಕೆಳಗೆ ಗಂಟು ಹಾಕಿ ಉಡುತ್ತಿದ್ದ ಅಜ್ಜಿಯಂದಿರು ಆ ಗಂಟನ್ನು ತಮ್ಮ ಮೈಗೆ ಬೇಕಾದಷ್ಟೇ ಬಿಗಿ ಮಾಡಿಕೊಳ್ಳುತ್ತಿದ್ದರು. ಕಟೋರಿ ಬ್ಲೌಸ್ ಹೊಲಿಯುವ ದರ್ಜಿಗಳು ಬಟ್ಟೆಯನ್ನು ತುಂಡುಗಳಾಗಿ ಕತ್ತರಿಸಿ ಬಟ್ಟಲಿನಾಕಾರಕ್ಕೆ ಜೋಡಿಸುವುದೂ ವಿಲಿಯಂ ಅನುಸರಿಸಿದ ತತ್ತ್ವವನ್ನೇ ಹೋಲುತ್ತದೆ. ಮೊಳಕಾಲ್ಮೂರು ಸೀರೆಯ ರವಿಕೆಗೆ ಟಕ್ಸ್ ಎಲ್ಲಿ ಬರಬೇಕೆಂದು ಇಂಚಿಂಚೂ ಅಳೆಯುವ ನಾವು ಒಳಗಿನ ಉಡುಪಿಗೆ ಬಂದಾಗ ಟೇಪನ್ನೇ ಮರೆಯುತ್ತೇವೆ.

ಪಾರಿವಾಳಗಳಿಗೂ ಕವಚ

ಎರಡನೆಯ ಮಹಾಯುದ್ಧದಲ್ಲಿ ಬಟ್ಟೆ, ಎಲಾಸ್ಟಿಕ್ ಎಲ್ಲಕ್ಕೂ ಪಡಿತರ ಬಂದಾಗ ಒಳ ಉಡುಪಿನ ಕಂಪನಿಗಳು ಮುಚ್ಚುವ ಸ್ಥಿತಿ ತಲುಪಿದವು. ಸೈನ್ಯದ ಸೇವೆಯಲ್ಲಿರುವ ಹಾಗೂ ಕಾರ್ಖಾನೆಗಳಲ್ಲಿ ದುಡಿಯುವ ಮಹಿಳೆಯರಿಗೆ ಸರಿಯಾದ ಆಸರೆಯಿದ್ದರೆ ದಣಿವು ಕಡಿಮೆಯಾಗುತ್ತದೆ ಎಂದು ಇಡಾ ವಾದಿಸಿದರು. ಸರ್ಕಾರ ಒಪ್ಪಿತು, ಕಚ್ಚಾ ಸಾಮಗ್ರಿಯ ಪೂರೈಕೆಯಲ್ಲಿ ಆದ್ಯತೆ ದೊರೆಯಿತು. ಒಳ ಉಡುಪನ್ನು ಸೊಗಸಿನ ಸಾಮಾನಿನ ಪಟ್ಟಿಯಿಂದ ತೆಗೆದು ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿದ ಈ ವಾದವೇ ಆಕೆಯ ಬದುಕಿನ ಅತ್ಯಂತ ಮಹತ್ವದ ವ್ಯವಹಾರವೆಂದು ಈ ವರದಿಗಾರನ ಅನಿಸಿಕೆ. ಅದೇ ಕಾರ್ಖಾನೆಯಲ್ಲಿ ಪ್ಯಾರಾಚೂಟ್‌ಗಳೂ ತಯಾರಾದವು. ಜೊತೆಗೆ ಸಂದೇಶ ಒಯ್ಯುವ ಪಾರಿವಾಳಗಳನ್ನು ಪ್ಯಾರಾಚೂಟ್ ಸೈನಿಕರು ಮೈಗೆ ಕಟ್ಟಿಕೊಂಡು ಜಿಗಿಯಲು ಅನುಕೂಲವಾಗುವಂತೆ ಒಂದು ಬಗೆಯ ಪುಟ್ಟ ಕವಚವನ್ನೂ ಹೊಲಿಯಲಾಯಿತು. ಹಕ್ಕಿಯ ಎದೆಯನ್ನು ಹಿಂಡದೆ ಹಿಡಿದಿಡಬೇಕಿತ್ತು, ಅನುಭವವಿದ್ದವರು ಇವರೇ.

ಯುದ್ಧಾನಂತರ 1949ರಲ್ಲಿ ಆರಂಭವಾದ ಜಾಹೀರಾತು ಸರಣಿ ಕಂಪನಿಯನ್ನು ಮನೆಮಾತಾಗಿಸಿತು. ಕೇವಲ ಮೇಡನ್‌ಫಾರ್ಮ್ ತೊಟ್ಟ ಹೆಣ್ಣೊಬ್ಬಳು ಕನಸಿನಲ್ಲಿ ಪೇಟೆಗೆ ಹೋಗುವುದು, ಚುನಾವಣೆ ಗೆಲ್ಲುವುದು ಇತ್ಯಾದಿ ಚಿತ್ರಗಳು ಇಪ್ಪತ್ತು ವರ್ಷ ಪತ್ರಿಕೆಗಳಲ್ಲಿ ಬಂದವು. ಮಡಿವಂತರು ಮೊದಲು ಮೂಗು ಮುರಿದರು, ಅನಂತರ ಸ್ತ್ರೀವಾದಿಗಳು. 1968ರಲ್ಲಿ ಅಟ್ಲಾಂಟಿಕ್ ಸಿಟಿಯ ಸೌಂದರ್ಯ ಸ್ಪರ್ಧೆಯ ಎದುರು ಪ್ರತಿಭಟಿಸಿದ ಮಹಿಳೆಯರು ಬ್ರಾಗಳನ್ನು ಸುಟ್ಟರೆಂಬ ಕಥೆ ನಮ್ಮ ಕಾಲೇಜುಗಳಲ್ಲೂ ಓಡಾಡುತ್ತದೆ. ವಾಸ್ತವದಲ್ಲಿ ಅವರು ಅವನ್ನು ಕಸದ ಡಬ್ಬಿಗೆ ಎಸೆದರು, ಬೆಂಕಿ ಹಚ್ಚಲಿಲ್ಲ. ಮರು ವರ್ಷ ಆ ಜಾಹೀರಾತು ಸರಣಿ ನಿಂತಿತು. ಹುಡುಗನಂತೆ ಕಾಣಬೇಕೆಂಬ ಕಟ್ಟಳೆಯಿಂದ ಹೆಂಗಸರನ್ನು ಬಿಡಿಸಿದ ಉಡುಪು, ಒಂದು ತಲೆಮಾರು ಕಳೆಯುವಷ್ಟರಲ್ಲಿ ಇನ್ನೊಂದು ಕಟ್ಟಳೆಯ ಗುರುತಾಗಿತ್ತು. ಇಡಾ ಅವರಿಗೆ ಆಗ ಎಂಬತ್ತು ದಾಟಿತ್ತು.

ಬದುಕು ಅವರಿಗೆ ಸಿಹಿಯನ್ನಷ್ಟೇ ಉಣಿಸಲಿಲ್ಲ. ಕಾನೂನು ಓದುತ್ತಿದ್ದ ಮಗ ಲೂಯಿಸ್ 1930ರಲ್ಲಿ ತೀರಿಕೊಂಡ. ಅವನ ನೆನಪಿಗೆ ದಂಪತಿ ನ್ಯೂಜೆರ್ಸಿಯಲ್ಲಿ ಸ್ಕೌಟ್ ಬಾಲಕರಿಗೆ ಶಿಬಿರದ ತಾಣವೊಂದನ್ನು ಕಟ್ಟಿಸಿಕೊಟ್ಟರು. 1958ರಲ್ಲಿ ವಿಲಿಯಂ ಅಗಲಿದರು. ಎಪ್ಪತ್ತೆರಡರ ಇಡಾ ಕಂಪನಿಯ ಚುಕ್ಕಾಣಿ ಹಿಡಿದು, ಮಾರಾಟಗಾರರನ್ನು ಕಾಣಲು ಊರೂರು ಸುತ್ತುವುದನ್ನು ಮುಂದುವರಿಸಿದರು. 1963ರಲ್ಲಿ ಉದ್ಯಮಿಗಳ ನಿಯೋಗದೊಡನೆ, ತಾವು ತೊರೆದುಬಂದಿದ್ದ ನೆಲಕ್ಕೆ, ಆಗಿನ ಸೋವಿಯತ್ ಒಕ್ಕೂಟಕ್ಕೆ ಭೇಟಿಯಿತ್ತರು. 1966ರಲ್ಲಿ ಪಾರ್ಶ್ವವಾಯು ಬಡಿದ ನಂತರ ಓಡಾಟ ನಿಂತಿತು. 1973ರ ಮಾರ್ಚ್ ತಿಂಗಳಲ್ಲಿ, 87ನೇ ವಯಸ್ಸಿನಲ್ಲಿ ನ್ಯೂಯಾರ್ಕಿನಲ್ಲಿ ನಿಧನರಾದರು.

ಮುಂದೆ ಮಗಳು ಬಿಯಾಟ್ರಿಸ್ ಕೋಲ್‌ಮನ್ 1990ರಲ್ಲಿ ತೀರಿಕೊಳ್ಳುವವರೆಗೆ ಸಂಸ್ಥೆಯನ್ನು ಮುನ್ನಡೆಸಿದರು. 1997ರಲ್ಲಿ ಕಂಪನಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಬೇಕಾಯಿತು. 2013ರಲ್ಲಿ ಹೇನ್ಸ್‌ಬ್ರಾಂಡ್ಸ್ ಅದನ್ನು ಕೊಂಡುಕೊಂಡಿತು. ಮೇಡನ್‌ಫಾರ್ಮ್‌ನ ಹಳೆಯ ಕಾಗದಪತ್ರ, ಜಾಹೀರಾತುಗಳ ದೊಡ್ಡ ಸಂಗ್ರಹವನ್ನು ವಾಷಿಂಗ್ಟನ್ನಿನಲ್ಲಿರುವ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ಕಾಪಿಡಲಾಗಿದೆ.