ಇನ್ನೊಬ್ಬ ಟಿಳಕರು

ಪುಣೆಯಲ್ಲಿ ಟಿಳಕರು ಎಂದರೆ ಒಬ್ಬರೇ. ರಸ್ತೆಗೆ, ಶಾಲೆಗೆ, ಗಣೇಶೋತ್ಸವದ ಮಂಟಪಕ್ಕೆ ಎಲ್ಲಕ್ಕೂ ಕೇಸರಿವಾಡೆಯ ಲೋಕಮಾನ್ಯರದೇ ಹೆಸರು. ಹುಬ್ಬಳ್ಳಿಯಿಂದ ಬಂದು ಹತ್ತು ವರ್ಷದಿಂದ ಇಲ್ಲಿ ಕೋಡ್ ಬರೆಯುತ್ತಿರುವ ನನಗೂ ಅವರೊಬ್ಬರೇ ಗೊತ್ತಿದ್ದರು. ಮರಾಠಿ ಓದು ಸಲೀಸಾಗಲಿ ಎಂದು ಟೀಮಿನ ಗೆಳೆಯರೊಬ್ಬರು ಲಕ್ಷ್ಮೀಬಾಯಿ ಟಿಳಕರ ‘ಸ್ಮೃತಿಚಿತ್ರೆ’ ಕೊಟ್ಟರು. ಈ ಲಕ್ಷ್ಮೀಬಾಯಿಯ ಗಂಡನೇ ರೆವರೆಂಡ್ ನಾರಾಯಣ ವಾಮನ ಟಿಳಕ. ಕವಿ, ಕೀರ್ತನಕಾರ, ಕಾಂಗ್ರಿಗೇಷನಲ್ ಪಂಥದ ಪಾದ್ರಿ.

ಹುಟ್ಟಿದ್ದು 1861ರಲ್ಲಿ, ರತ್ನಾಗಿರಿ ಜಿಲ್ಲೆಯ ಕರಜಗಾಂವದಲ್ಲಿ, ಲೋಕಮಾನ್ಯರಂತೆಯೇ ಚಿತ್ಪಾವನ ಬ್ರಾಹ್ಮಣರ ಮನೆಯಲ್ಲಿ. ತಾಯಿ ಪದ್ಯ ಕಟ್ಟುತ್ತಿದ್ದರು. ತಂದೆಯದು ಬೆಂಕಿಯಂಥ ಸಿಟ್ಟು. ತಾಯಿ ತೀರಿದ ಮೇಲೆ ಹುಡುಗ ಮನೆ ಬಿಟ್ಟು ನಾಸಿಕ್ ಸೇರಿ, ಅಲ್ಲಿ ಗಣೇಶಶಾಸ್ತ್ರಿ ಲೇಲೆಯವರ ಬಳಿ ಸಂಸ್ಕೃತ ಕಲಿತ. 1880ರಲ್ಲಿ ಮದುವೆಯಾಯಿತು. ಹುಡುಗಿಗೆ ಆಗ ಹನ್ನೊಂದು ವರ್ಷ, ಅಕ್ಷರ ಬಾರದು. ಮುಂದೆ ಓದು ಬರಹ ಕಲಿಸಿದ್ದು ಗಂಡನೇ. ಆದರೆ ಸಂಸಾರ ಒಂದೂರಲ್ಲಿ ನಿಲ್ಲಲಿಲ್ಲ. ಇಂದು ಮಾಸ್ತರಿಕೆ, ನಾಳೆ ಪುರಾಣ ಪ್ರವಚನ, ನಾಡಿದ್ದು ಪತ್ರಿಕೆ. ಕೈಗೆ ಬಂದ ದುಡ್ಡು ಎದುರಿಗೆ ಸಿಕ್ಕ ಬಡವನ ಪಾಲು. ಉದಾರಿ ನಿಜ, ಆದರೆ ಆ ಔದಾರ್ಯದ ಬೆಲೆ ಕಟ್ಟಿದ್ದು ಅಡುಗೆಮನೆಯ ಖಾಲಿ ಡಬ್ಬಿಗಳು ಎಂದು ಲಕ್ಷ್ಮೀಬಾಯಿಯವರನ್ನು ಓದಿದ ಯಾರಿಗೂ ಅನಿಸುತ್ತದೆ.

1893ರಲ್ಲಿ ನಾಗಪುರದ ಕಡೆಯಿಂದ ರಾಜನಂದಗಾಂವಕ್ಕೆ ರೈಲಿನಲ್ಲಿ ಹೊರಟಿದ್ದಾಗ ಒಬ್ಬ ಯುರೋಪಿಯನ್ ಜೊತೆಯಾದ. ಸಂಸ್ಕೃತ ಕಾವ್ಯದ ಮಾತಿನಿಂದ ಶುರುವಾಗಿ ಮಾತು ಧರ್ಮಕ್ಕೆ ಹೊರಳಿತು. ಇಳಿಯುವ ಮುನ್ನ ಆತ ಹೊಸ ಒಡಂಬಡಿಕೆಯ ಪ್ರತಿಯೊಂದನ್ನು ಕೊಟ್ಟು, ಇನ್ನೆರಡು ವರ್ಷದಲ್ಲಿ ನೀವು ಕ್ರೈಸ್ತರಾಗುತ್ತೀರಿ ಎಂದನಂತೆ. ಜಾತಿ, ಮೂರ್ತಿಪೂಜೆಗಳಿಲ್ಲದ ಹೊಸ ಧರ್ಮವೊಂದನ್ನು ತಾನೇ ಕಟ್ಟುವ ಯೋಚನೆಯಲ್ಲಿದ್ದ ಟಿಳಕರನ್ನು ಏಸುವಿನ ಗಿರಿಪ್ರವಚನ ಹಿಡಿದು ನಿಲ್ಲಿಸಿತು.

ಆ ಕಾಲವನ್ನು ನೆನಪಿಡಬೇಕು. 1890ರಲ್ಲಿ ಪುಣೆಯ ಪಂಚಹೌದ ಮಿಷನ್ನಿನಲ್ಲಿ ಚಹಾ ಸೇವಿಸಿದ್ದಕ್ಕೆ ರಾನಡೆ, ಲೋಕಮಾನ್ಯ ಟಿಳಕರಂಥವರೇ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಯಿತು. ಮಿಷನ್ನಿನ ಒಂದು ಕಪ್ ಚಹಾ ಇಷ್ಟು ರಾದ್ಧಾಂತ ಮಾಡಿದ್ದ ಸಮಾಜದಲ್ಲಿ, 1895ರ ಫೆಬ್ರುವರಿ 10ರಂದು ಮುಂಬಯಿಯಲ್ಲಿ ಈ ಟಿಳಕರು ದೀಕ್ಷಾಸ್ನಾನ ಪಡೆದರು. ಅದೂ ಬಿಳಿಯರಿಂದಲ್ಲ, ಭಾರತೀಯ ಪಾದ್ರಿಯೊಬ್ಬರ ಕೈಯಿಂದ.

ಹೆಂಡತಿಯನ್ನು ಕೇಳಿ ಮಾಡಿದ ಕೆಲಸವಲ್ಲ ಇದು. ಸುದ್ದಿ ಕೇಳಿ ಲಕ್ಷ್ಮೀಬಾಯಿ ಕುಸಿದರು. ಮಗನನ್ನು ಕಟ್ಟಿಕೊಂಡು ನೆಂಟರ ಆಸರೆಯಲ್ಲಿ ಸುಮಾರು ಐದು ವರ್ಷ ಬೇರೆಯೇ ಉಳಿದರು. ಟಿಳಕರು ಪತ್ರ ಬರೆಯುತ್ತಲೇ ಇದ್ದರು. ಕೊನೆಗೆ ಆಕೆ ಬಂದರು, ಆದರೆ ಮೊದಮೊದಲು ಮಡಿ ಬಿಡದೆ, ಪ್ರತ್ಯೇಕ ಅಡುಗೆ ಮಾಡಿಕೊಂಡು. ಜಾತಿ ದೇವರದಲ್ಲ, ಮನುಷ್ಯರದು ಎಂದು ತಮಗೇ ಅನಿಸಿದ ಮೇಲಷ್ಟೇ ಆ ಒಲೆ ಆರಿಸಿದರು. 1900ರಲ್ಲಿ ಅವರದೂ ದೀಕ್ಷೆಯಾಯಿತು. ಟಿಳಕರ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಆಕೆಯ ಈ ನಿಧಾನ.

ಟಿಳಕರು ಸೇರಿದ್ದು ಅಹಮದನಗರದ ಅಮೆರಿಕನ್ ಮರಾಠಿ ಮಿಷನ್. ಪುಣೆಯಿಂದ ಸುಮಾರು 120 ಕಿ.ಮೀ., ಊರಿಗೀಗ ಅಹಿಲ್ಯಾನಗರ ಎಂಬ ಹೆಸರು. ಕಾಂಗ್ರಿಗೇಷನಲ್ ಪದ್ಧತಿಯಲ್ಲಿ ಬಿಷಪ್ ಇಲ್ಲ, ಒಂದೊಂದು ಸಭೆಯೂ ತನ್ನ ಕಾರುಬಾರು ತಾನೇ ನೋಡಿಕೊಳ್ಳುತ್ತದೆ. ಅಲ್ಲಿನ ದೇವಶಾಸ್ತ್ರದ ಶಾಲೆಯಲ್ಲಿ ಪಾಠ ಹೇಳಿ, 1904ರಲ್ಲಿ ಪಾದ್ರಿಯಾದರು. 1912ರಿಂದ ಮಿಷನ್ನಿನ ‘ಜ್ಞಾನೋದಯ’ ಪತ್ರಿಕೆಯ ಮರಾಠಿ ವಿಭಾಗವೂ ಅವರ ಕೈಗೆ ಬಂತು.

ಚರ್ಚಿನಲ್ಲಿ ಆಗ ಹಾಡುತ್ತಿದ್ದದ್ದು ಹೆಚ್ಚಾಗಿ ಇಂಗ್ಲಿಷಿನ ಅನುವಾದ, ಇಂಗ್ಲಿಷಿನದೇ ಧಾಟಿ. ಟಿಳಕರಿಗೆ ಅದು ಒಗ್ಗಲಿಲ್ಲ. ಓವಿ, ಅಭಂಗ, ಕೀರ್ತನೆಗಳಲ್ಲೇ ಏಸುವನ್ನು ಹಾಡಿದರು. ತಾಳ, ಮೃದಂಗ ಹಿಡಿದು ಕ್ರಿಸ್ತಕಥೆ ಹೇಳಿದರು. ತಾವು ಕ್ರಿಸ್ತನ ಬಳಿಗೆ ಬಂದದ್ದು ತುಕಾರಾಮರೆಂಬ ಸೇತುವೆ ದಾಟಿ ಎನ್ನುತ್ತಿದ್ದರಂತೆ. ಪಿಂಪ್ರಿ-ಚಿಂಚವಡದಲ್ಲಿರುವ ನಮ್ಮ ಕನ್ನಡಿಗರಿಗೆ ತುಕಾರಾಮರ ದೇಹು ಬೈಕಿನಲ್ಲಿ ಹೋಗಿಬರುವಷ್ಟು ಹತ್ತಿರ. ಅಲ್ಲಿನ ಭಜನೆ ಒಮ್ಮೆ ಕೇಳಿದರೆ ಈ ಮಾತು ತಾನಾಗಿ ತಿಳಿಯುತ್ತದೆ. ಮರಾಠಿ ಕ್ರೈಸ್ತರ ಹಾಡಿನ ಪುಸ್ತಕದಲ್ಲಿ ಇವರವೇ ಇನ್ನೂರಕ್ಕೂ ಹೆಚ್ಚು ಗೀತೆಗಳಿವೆ. ಹೂವು, ಮಕ್ಕಳ ಕವಿ ಎಂದು ಚರ್ಚಿನ ಹೊರಗೂ ಹೆಸರಾದರು. ಮುಂದೆ ಬಾಲಕವಿ ಎಂದು ಪ್ರಸಿದ್ಧರಾದ ತ್ರ್ಯಂಬಕ ಠೋಂಬರೆ ಇವರ ಮನೆಯಲ್ಲೇ ಇದ್ದು ಬೆಳೆದವರು. ನಮ್ಮಲ್ಲಿ ಕ್ರೈಸ್ತರಲ್ಲದ ಗೋವಿಂದ ಪೈಗಳು ‘ಗೊಲ್ಗೊಥಾ’ ಬರೆದರು. ಕನ್ನಡ ಓದುಗರಿಗೆ ಈ ಕೊಡುಕೊಳೆ ಹೊಸದೇನಲ್ಲ.

ಮಿಷನರಿಗಳು ಮಾಯಿ-ಬಾಪ್‌ಗಳಂತೆ ನಡೆದುಕೊಳ್ಳುವುದನ್ನು ಟಿಳಕರು ಪದ್ಯದಲ್ಲೇ ಟೀಕಿಸಿದ್ದರು. ಬರೀ ಟೀಕೆಯಲ್ಲಿ ನಿಲ್ಲಲಿಲ್ಲ. 1917ರಲ್ಲಿ, 55 ದಾಟಿದ ವಯಸ್ಸಿನಲ್ಲಿ, ಮಿಷನ್ನಿನ ಸಂಬಳದ ಕೆಲಸ ಬಿಟ್ಟು ಸಂನ್ಯಾಸಿಯಂತೆ ಹೊರಟರು. ಸಾತಾರಾದಲ್ಲಿ ‘ದೇವಾಚಾ ದರ್ಬಾರ್’ ಕಟ್ಟಿದರು. ದೀಕ್ಷಾಸ್ನಾನ ಆದವರಿಗೂ ಆಗದವರಿಗೂ ಅಲ್ಲಿ ಒಂದೇ ಪಂಕ್ತಿ. ಏಸುವನ್ನು ಗುರುವೆಂದರೆ ಸಾಕು. ತಿಂಗಳ ಒಂದನೇ ತಾರೀಕಿಗೆ ಇಎಂಐ ಕಟ್ಟುವ ನಾವು ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿರುವುದೇ ಸರಿ.

ದರ್ಬಾರಿಗೆ ಹೆಚ್ಚು ಕಾಲ ಸಿಗಲಿಲ್ಲ. 1919ರ ಮೇ 9ರಂದು ಮುಂಬಯಿಯಲ್ಲಿ ಟಿಳಕರು ತೀರಿಕೊಂಡರು. ಏಸುವಿನ ಕಥೆಯನ್ನು ಮರಾಠಿ ಮಹಾಕಾವ್ಯವಾಗಿಸುವ ‘ಖ್ರಿಸ್ತಾಯನ’ ಹತ್ತು-ಹನ್ನೊಂದು ಅಧ್ಯಾಯಕ್ಕೇ ನಿಂತಿತ್ತು. ಹನ್ನೊಂದನೇ ವಯಸ್ಸಿಗೆ ಅಕ್ಷರವಿಲ್ಲದೆ ಆ ಮನೆಗೆ ಬಂದಿದ್ದ ಲಕ್ಷ್ಮೀಬಾಯಿ ಅದಕ್ಕೆ ಅರವತ್ತಕ್ಕೂ ಹೆಚ್ಚು ಅಧ್ಯಾಯ ಸೇರಿಸಿದರು. 1936ರಲ್ಲಿ ಆಕೆ ತೀರಿಕೊಂಡಾಗಲೂ ಉಳಿದಿದ್ದ ಕೊನೆಯ ಭಾಗವನ್ನು ಮಗ ದೇವದತ್ತ ಬರೆದು ಮುಗಿಸಿದರು.