ಮಿನುಗುತಾರೆ ಕಲ್ಪನಾ

ನಾಟಕದವರೂ ಸಿನಿಮಾದವರೂ ಮಾಡುವುದು ಸುಳ್ಳಿನ ಕೆಲಸವೆಂದು ನಮ್ಮ ಹಿರಿಯರಲ್ಲಿ ಹಲವರು ಭಾವಿಸಿದ್ದರು. ಮುಖಕ್ಕೆ ಬಣ್ಣ ಬಳಿದುಕೊಂಡು, ತನ್ನದಲ್ಲದ ಹೆಸರನ್ನು ಹೊತ್ತು, ತನ್ನದಲ್ಲದ ದುಃಖಕ್ಕೆ ಅಳುವುದರಲ್ಲಿ ಏನು ಹೆಚ್ಚುಗಾರಿಕೆ ಎಂಬುದು ಅವರ ಪ್ರಶ್ನೆ. ಪ್ರಶ್ನೆಯೇನೋ ಸರಿಯೇ. ಆದರೆ ಆ ಸುಳ್ಳು ಅಳುವನ್ನು ಕಂಡವರ ಕಣ್ಣಿನಲ್ಲಿ ನಿಜವಾದ ನೀರು ಬರುವುದಾದರೂ ಹೇಗೆ? ನಮ್ಮ ಪ್ರಾಚೀನರು ಇದನ್ನು ರಸವೆಂದು ಕರೆದು ದೊಡ್ಡ ಶಾಸ್ತ್ರವನ್ನೇ ಕಟ್ಟಿದ್ದಾರೆ. ಐಚ್ಛಿಕ ಕನ್ನಡದ ತರಗತಿಯಲ್ಲಿ ಕೇಳಿದಷ್ಟು ಬಿಟ್ಟರೆ ಆ ಶಾಸ್ತ್ರ ನನಗೆ ತಿಳಿಯದು. ಆದುದರಿಂದ ಶಾಸ್ತ್ರದ ತಂಟೆಗೆ ಹೋಗದೆ, ಕನ್ನಡಿಗರನ್ನು ಬಹಳವಾಗಿ ಅಳಿಸಿದ ಒಬ್ಬ ನಟಿಯ ಬಾಳನ್ನೂ, ಆಕೆಯ ಒಂದು ಪಾತ್ರವನ್ನೂ ಕುರಿತು ನಾಲ್ಕು ಮಾತು ಬರೆಯುವ ಆಸೆ ನನ್ನದು. ಆಕೆ ಕಲ್ಪನಾ, ಜನ ಪ್ರೀತಿಯಿಂದ ಮಿನುಗುತಾರೆ ಎಂದು ಕರೆದವರು.

ಕಲ್ಪನಾ ಹುಟ್ಟಿದ್ದು ೧೯೪೩ರ ಜುಲೈ ೧೮ರಂದು, ದಕ್ಷಿಣ ಕನ್ನಡದಲ್ಲಿ. ಹೆತ್ತವರು ಇಟ್ಟ ಹೆಸರು ಶರತ್‌ಲತಾ. ಆಗ ಕನ್ನಡ ಚಿತ್ರಗಳು ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲ. ೧೯೬೩ರಲ್ಲಿ ಬಿ. ಆರ್. ಪಂತುಲು ಅವರ ‘ಸಾಕು ಮಗಳು’ ಚಿತ್ರದಲ್ಲಿ ಇಪ್ಪತ್ತರ ಹರೆಯದ ಈ ಹುಡುಗಿ ಮೊದಲ ಬಾರಿಗೆ ಬೆಳ್ಳಿತೆರೆಯ ಮೇಲೆ ಬಂದಳು. ಚೆಲುವೆಯರ ನಡುವೆ ನಿಲ್ಲಿಸಿದರೆ ಆಕೆಗಿಂತ ರೂಪವತಿಯರು ಇದ್ದಾರು. ಆದರೆ ಆ ದೊಡ್ಡ ಕಣ್ಣುಗಳಿಗೆ ಮಾತು ಬರುತ್ತಿತ್ತು. ಬಾಯಿ ಮಾತಾಡದೆ ಇದ್ದಾಗಲೂ ಅವು ಸುಮ್ಮನಿರುತ್ತಿರಲಿಲ್ಲ.

ಆ ಕಣ್ಣುಗಳ ಬೆಲೆಯನ್ನು ಅರಿತವರು ಪುಟ್ಟಣ್ಣ ಕಣಗಾಲ್. ಕನ್ನಡದಲ್ಲಿ ಅವರು ನಿರ್ದೇಶಿಸಿದ ಮೊದಲ ಚಿತ್ರ ‘ಬೆಳ್ಳಿಮೋಡ’ ೧೯೬೭ರಲ್ಲಿ ತೆರೆಕಂಡಿತು. ಅದು ತ್ರಿವೇಣಿಯವರ ಕಾದಂಬರಿ. ನಾಯಕಿ ಇಂದಿರೆ ಸಿರಿವಂತನ ಒಬ್ಬಳೇ ಮಗಳು. ಆಕೆಯ ಕೈಹಿಡಿಯಬೇಕಾದವನು ಅವಳ ತಂದೆಯ ಹಣದಿಂದಲೇ ಪರದೇಶಕ್ಕೆ ಹೋಗಿ ಓದಿ ಬರುತ್ತಾನೆ. ಅಷ್ಟರಲ್ಲಿ ಆಕೆಗೊಬ್ಬ ತಮ್ಮ ಹುಟ್ಟುತ್ತಾನೆ. ಆಸ್ತಿ ಕೈತಪ್ಪಿತೆಂದು ತಿಳಿದ ಕೂಡಲೇ ವರನ ಮನಸ್ಸೂ ತಪ್ಪುತ್ತದೆ. ಮುಂದೆ ಅವನು ಪಶ್ಚಾತ್ತಾಪಪಟ್ಟು ಬಂದರೂ ಇಂದಿರೆ ಒಲ್ಲೆನೆನ್ನುತ್ತಾಳೆ. ಕೊನೆಗೆ ಕೈಹಿಡಿದು ಸುಖವಾಗಿರುವುದೇ ಕಥೆಯ ಧರ್ಮವೆಂದು ನಂಬಿದ್ದ ಪ್ರೇಕ್ಷಕರ ಮುಂದೆ ಒಬ್ಬ ಹೆಣ್ಣು ನಿಂತು ಒಲ್ಲೆನೆಂದದ್ದು ಸಣ್ಣ ಸಂಗತಿಯಲ್ಲ.

ಮರುವರ್ಷ ‘ಹಣ್ಣೆಲೆ ಚಿಗುರಿದಾಗ’ ಬಂದಿತು, ಅದೂ ತ್ರಿವೇಣಿಯವರದೇ. ೧೯೬೯ರಲ್ಲಿ ‘ಕಪ್ಪು ಬಿಳುಪು’ ಚಿತ್ರದಲ್ಲಿ ದ್ವಿಪಾತ್ರ. ಅದೇ ಅವಧಿಯಲ್ಲಿ ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿದ ‘ಗೆಜ್ಜೆಪೂಜೆ’. ವೇಶ್ಯಾಕುಲದಲ್ಲಿ ಹುಟ್ಟಿ, ಓದಿ, ಎಲ್ಲರಂತೆ ಮದುವೆಯಾಗಿ ಬಾಳಬೇಕೆಂದು ಹಂಬಲಿಸುವ ಚಂದ್ರಾ ಎಂಬ ಹುಡುಗಿಯ ಕಥೆ ಅದು. ಆಕೆಯ ಹಂಬಲ ಕೈಗೂಡುವುದಿಲ್ಲ. ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯವರಿಗೆ ಇದು ದೂರದ ಕಥೆಯಲ್ಲ. ಹರಕೆಯ ಹೆಸರಿನಲ್ಲಿ ಮುತ್ತು ಕಟ್ಟಿಸಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿಯನ್ನು ನಮ್ಮ ಜನ ಕಂಡವರು. ಅದನ್ನು ನಿಷೇಧಿಸುವ ರಾಜ್ಯದ ಶಾಸನ ಬಂದದ್ದು ೧೯೮೨ರಲ್ಲಿ. ಚಿತ್ರ ಅದಕ್ಕಿಂತ ಹನ್ನೆರಡು ಹದಿಮೂರು ವರ್ಷ ಮೊದಲೇ ಬಂದಿತ್ತು.

ಇಷ್ಟೆಲ್ಲ ಆದಮೇಲೆ ೧೯೭೨ರಲ್ಲಿ ‘ಶರಪಂಜರ’ ಬಂದಿತು. ಕಲ್ಪನಾ ಎಂದರೆ ಶರಪಂಜರ, ಶರಪಂಜರ ಎಂದರೆ ಕಲ್ಪನಾ ಎನ್ನುವಂತಾಯಿತು. ಇದೂ ತ್ರಿವೇಣಿಯವರ ಕಾದಂಬರಿ. ಮೈಸೂರಿನಲ್ಲಿ ಮನಃಶಾಸ್ತ್ರವನ್ನು ಓದಿದ್ದ ತ್ರಿವೇಣಿಯವರು ಹೆಣ್ಣಿನ ಮನಸ್ಸಿನ ರೋಗವನ್ನು ದೆವ್ವದ ಕಾಟವೆಂದಾಗಲಿ ಕರ್ಮದ ಫಲವೆಂದಾಗಲಿ ಬಗೆಯದೆ ರೋಗವೆಂದೇ ಕಂಡು ಬರೆದವರು. ತಮ್ಮ ಕಾವೇರಿಯನ್ನು ತೆರೆಯ ಮೇಲೆ ಕಾಣುವ ಭಾಗ್ಯ ಅವರಿಗಿರಲಿಲ್ಲ. ಹೆರಿಗೆಯಾದ ಕೆಲವೇ ದಿನಗಳಲ್ಲಿ, ೧೯೬೩ರ ಜುಲೈಯಲ್ಲಿ, ಮೂವತ್ತನಾಲ್ಕನೆಯ ವಯಸ್ಸಿಗೇ ತೀರಿಕೊಂಡರು. ಕಲ್ಪನಾ ಚಿತ್ರರಂಗಕ್ಕೆ ಬಂದದ್ದು ಅದೇ ವರ್ಷ.

ಕಥೆ ಬಹುಮಂದಿಗೆ ತಿಳಿದಿರಬಹುದು. ಕಾವೇರಿ ಓದಿದವಳು, ಚೆಲುವೆ, ಮೆಚ್ಚಿ ಕೈಹಿಡಿದ ಗಂಡನ ಅರ್ಧಾಂಗಿ. ಮೊದಲ ಭಾಗದಲ್ಲಿ ಎಲ್ಲವೂ ಹಾಡು, ನಗು, ತುಂಬಿದ ಮನೆ. ಬೇಂದ್ರೆಯವರ ಕವಿತೆಯೊಂದನ್ನೂ ಪುಟ್ಟಣ್ಣನವರು ಇದರಲ್ಲಿ ಹಾಡಾಗಿಸಿದ್ದಾರೆ. ಎರಡನೆಯ ಬಾಣಂತನದಲ್ಲಿ ಆಕೆಯ ಮನಸ್ಸು ಕದಡುತ್ತದೆ. ಎಂದೋ ಆಗಿಹೋಗಿ ಒಳಗೆ ಹೂತುಹೋಗಿದ್ದ ಒಂದು ನೋವು ಮೇಲೆದ್ದು ಬರುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ, ಚಿಕಿತ್ಸೆಯಾಗುತ್ತದೆ, ಗುಣವಾಗುತ್ತದೆ. ಬೇರೆ ಚಿತ್ರವಾಗಿದ್ದರೆ ಇಲ್ಲಿಗೆ ಶುಭಂ ಎಂದು ತೋರಿಸಿ ಪರದೆ ಎಳೆಯುತ್ತಿದ್ದರು. ಶರಪಂಜರದ ಕಥೆ ನಿಜವಾಗಿ ಶುರುವಾಗುವುದೇ ಇಲ್ಲಿಂದ.

ಮನೆಗೆ ಮರಳಿದ ಕಾವೇರಿ ಪೂರ್ತಿ ಗುಣವಾಗಿದ್ದಾಳೆ. ಗುಣವಾಗದವರು ಆಕೆಯ ಸುತ್ತಲಿನವರು. ಆಕೆ ನಕ್ಕರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಸಿಟ್ಟಾದರೆ ಹಿಂದಕ್ಕೆ ಸರಿಯುತ್ತಾರೆ. ಸುಮ್ಮನೆ ಕುಳಿತರೆ ಮತ್ತೆ ಶುರುವಾಯಿತೆಂದು ಪಿಸುಗುಟ್ಟುತ್ತಾರೆ. ಎಲ್ಲರಿಗೂ ಬರುವ ಕೋಪ ಆಕೆಗೆ ಮಾತ್ರ ಬರಬಾರದು. ಗಂಡನ ಮನಸ್ಸು ಬೇರೆ ಕಡೆ ಹೋಗಿದೆ. ಅದನ್ನು ಆಕೆ ಕಂಡು ಹೇಳಿದರೂ ಹುಚ್ಚಿಯ ಮಾತಾಗುತ್ತದೆ. ತನಗೆ ಬುದ್ಧಿ ನೆಟ್ಟಗಿದೆ ಎಂಬುದನ್ನು ಒಬ್ಬ ಮನುಷ್ಯ ರುಜುವಾತು ಮಾಡುವುದು ಹೇಗೆ? ಬೇಡಿಕೊಂಡರೂ ಹುಚ್ಚು, ಕೂಗಿದರೂ ಹುಚ್ಚು. ಕಡೆಗೆ ಆ ನೋಟಗಳೇ ಬಾಣಗಳಾಗಿ, ಬಾಣಗಳೇ ಪಂಜರವಾಗಿ, ಕಾವೇರಿ ಮತ್ತೆ ಆಸ್ಪತ್ರೆಯ ಹಾದಿ ಹಿಡಿಯುತ್ತಾಳೆ.

ಈ ಎರಡನೆಯ ಭಾಗದಲ್ಲಿ ಕಲ್ಪನಾ ಮಾಡಿರುವ ಅಭಿನಯವನ್ನು ನಾನು ಮೂರು ಸಲ ನೋಡಿದ್ದೇನೆ. ಮೊದಲ ಸಲ ಕಡೆಯ ದೃಶ್ಯದ ಅಬ್ಬರವೇ ಮನಸ್ಸನ್ನು ತುಂಬಿತ್ತು. ಮತ್ತೆ ನೋಡಿದಾಗ ಹೆಚ್ಚು ನೋಯಿಸಿದ್ದು ಅದಕ್ಕೆ ಮುಂಚಿನ ಸಣ್ಣ ಸಣ್ಣ ಸಂಗತಿಗಳು. ಮೊದಲ ಭಾಗದ ಕಾವೇರಿ ನಗುವಾಗ ಯಾರ ಕಡೆಗೂ ನೋಡುವುದಿಲ್ಲ. ನಗು ಬಂದಿತು, ನಕ್ಕಳು. ಆಸ್ಪತ್ರೆಯಿಂದ ಬಂದ ಕಾವೇರಿಯ ಕಣ್ಣು ಎದುರಿನವರ ಮುಖವನ್ನು ಹುಡುಕುತ್ತದೆ; ತನ್ನ ನಗು ಸರಿಯಾಗಿದೆಯೋ ಇಲ್ಲವೋ ಎಂದು ಅವರಲ್ಲಿ ಕೇಳುವಂತಿರುತ್ತದೆ. ತನ್ನ ಮನೆಯಲ್ಲೇ ಪರೀಕ್ಷೆಗೆ ಕುಳಿತವಳ ಹಾಗೆ ಆಕೆ ಓಡಾಡುತ್ತಾಳೆ. ಇಷ್ಟನ್ನು ಮಾತಿಲ್ಲದೆ ಕಾಣಿಸುವುದು ದೊಡ್ಡ ಕಲಾವಿದರಿಗೆ ಮಾತ್ರ ಸಾಧ್ಯ.

ಕಲ್ಪನಾ ಅವರ ಅಭಿನಯದಲ್ಲಿ ಅತಿರೇಕವಿತ್ತು, ದನಿ ಬಹಳ ಏರುತ್ತಿತ್ತು ಎಂದು ಆಕ್ಷೇಪಿಸುವವರು ಉಂಟು. ಇಂದಿನ ಚಿತ್ರಗಳ ತಗ್ಗಿದ ಮಾತಿಗೆ ಒಗ್ಗಿದ ನಮಗೆ ಹಾಗೆ ತೋರುವುದು ಸಹಜ. ಆದರೆ ಕಾವೇರಿಯ ಮಟ್ಟಿಗೆ ಆ ಆಕ್ಷೇಪಣೆ ನಿಲ್ಲದು. ಮೆಲ್ಲಗೆ ಹೇಳಿದ ಮಾತನ್ನು ಒಬ್ಬರೂ ಕೇಳದೆ ಹೋದಾಗ ದನಿ ಏರದೆ ಇನ್ನೇನಾದೀತು? ಶರಪಂಜರಕ್ಕೆ ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂದಿತು. ರಾಜ್ಯದ ಅತ್ಯುತ್ತಮ ನಟಿ ಪ್ರಶಸ್ತಿ ಕಲ್ಪನಾ ಅವರಿಗೆ ಒಟ್ಟು ಮೂರು ಸಲ ಬಂದಿತು. ಅವುಗಳಲ್ಲಿ ಒಂದು ಕಾವೇರಿಯ ಪಾತ್ರಕ್ಕೆ.

ಪ್ರಶಸ್ತಿಗಿಂತ ದೊಡ್ಡ ಸಾಕ್ಷಿಯೊಂದು ನಮ್ಮ ಮನೆಯಲ್ಲಿದೆ. ೧೯೭೨ನ್ನು ನಮ್ಮ ಕಡೆಯ ಮುದುಕರು ನೆನೆಯುವುದು ಬರಗಾಲದಿಂದ. ಆಗ ನಮ್ಮ ತಾಲ್ಲೂಕುಗಳೆಲ್ಲ ರಾಯಚೂರು ಜಿಲ್ಲೆಯವು. ಯಲಬುರ್ಗಾ, ಕುಷ್ಟಗಿಯ ಒಣಭೂಮಿಯವರು ಹೊಟ್ಟೆ ಹೊರೆಯಲು ಗಂಗಾವತಿಯ ಕಾಲುವೆ ಸೀಮೆಗೆ ಕೂಲಿಗೆ ಹೋಗುತ್ತಿದ್ದರು. ಹಾಗೆ ಹೋದವರಲ್ಲಿ ನಮ್ಮ ಅಜ್ಜಿಯೂ ಒಬ್ಬಳು. ಬೆಂಗಳೂರಿನಲ್ಲಿ ತೆರೆಕಂಡ ಚಿತ್ರ ನಮ್ಮ ಕಡೆಯ ಡೇರೆ ಟಾಕೀಸಿಗೆ ಬರಲು ಬಹಳ ಕಾಲ ಹಿಡಿಯುತ್ತಿತ್ತು. ಬಂದಾಗ ಅಜ್ಜಿ ನೆಲದ ಮೇಲೆ ಕುಳಿತು ಅದನ್ನು ನೋಡಿದಳು. ಅಕ್ಷರ ಬಾರದ ಆಕೆಗೆ ಚಿತ್ರದ ಹೆಸರು ಮರೆತಿದೆ. ಕಾವೇರಿ ಮರೆತಿಲ್ಲ. ಆ ಬಾಯಿಗೆ ಕಾವೇರಿ ಯಾವುದೋ ಚಿತ್ರದ ಪಾತ್ರವಲ್ಲ, ಪಕ್ಕದ ಊರಿಗೆ ಕೊಟ್ಟ ಹೆಣ್ಣುಮಗಳು. ನನ್ನ ಮೊಬೈಲಿನಲ್ಲಿ ಅದೇ ಚಿತ್ರವನ್ನು ಅಜ್ಜಿಗೂ ಅವ್ವನಿಗೂ ತೋರಿಸಿದಾಗ ಇಬ್ಬರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಅವ್ವ ಮೆಲ್ಲಗೆ ನಮ್ಮ ಓಣಿಯ ಒಬ್ಬ ಹೆಂಗಸಿನ ಸುದ್ದಿ ತೆಗೆದಳು. ಆಕೆಗೂ ಬಾಣಂತನದಲ್ಲಿ ಹೀಗೆಯೇ ಆಗಿತ್ತು. ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸಿದರು, ಬೇವಿನ ಸೊಪ್ಪಿನಿಂದ ಹೊಡೆಸಿದರು, ಕೂಸನ್ನು ಕಿತ್ತುಕೊಂಡು ತವರಿಗೆ ಅಟ್ಟಿದರು. ವರ್ಷದ ಮೇಲೆ ಸರಿಯಾಗಿ ಬಂದರೂ ಓಣಿಯ ಮುತ್ತೈದೆಯರು ಆಕೆಯನ್ನು ಅರಿಶಿನ ಕುಂಕುಮಕ್ಕೆ ಕರೆಯುವುದನ್ನು ಬಿಟ್ಟರು. ತೆರೆಯ ಕಾವೇರಿಗಾಗಿ ಅತ್ತವರು ಆ ಓಣಿಯಲ್ಲಿ ಒಬ್ಬಿಬ್ಬರಲ್ಲ.

ಹಳಬರು ಬಾಣಂತಿ ಸನ್ನಿ ಎನ್ನುತ್ತಿದ್ದ ಈ ಕಾಯಿಲೆ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣುತ್ತದೆಂದು ವೈದ್ಯರು ಹೇಳುತ್ತಾರೆ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ದರೆ ಗುಣವಾಗುವ ಕಾಯಿಲೆ ಅದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ೧೯೮೦ರ ದಶಕದಲ್ಲಿ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗದ ಔಷಧ ಹಳ್ಳಿಯ ಸಮೀಪದಲ್ಲೇ ದೊರಕುವಂತೆ ಮಾಡಿತು. ಅದೇ ಮಾದರಿಯ ಮೇಲೆ ೧೯೯೬ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ೨೦೦೯ರಲ್ಲಿ ತಾಯಿಯಿಂದ ಕೂಸನ್ನು ಅಗಲಿಸದೆ ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಆರೈಕೆ ಮಾಡುವ ವಿಭಾಗವೊಂದು ನಿಮ್ಹಾನ್ಸಿನಲ್ಲಿ ತೆರೆಯಿತು. ೨೦೨೨ರಿಂದ ೧೪೪೧೬ ಎಂಬ ದೂರವಾಣಿ ಸಂಖ್ಯೆಗೆ ಕರೆ ಮಾಡಿ, ಹಣವಿಲ್ಲದೆ ಸಲಹೆ ಪಡೆಯುವ ಅನುಕೂಲವೂ ಆಗಿದೆ. ಔಷಧಕ್ಕೆ ದಾರಿ ತೆರೆದಿದೆ. ಆದರೆ ಗುಣವಾಗಿ ಬಂದವಳನ್ನು ಓಣಿ ಹೇಗೆ ನೋಡಬೇಕೆಂಬುದು ಯಾವ ಆಸ್ಪತ್ರೆಯ ಚೀಟಿಯಲ್ಲೂ ಬರೆದಿರುವುದಿಲ್ಲ. ಅದನ್ನು ಕಲಿಸಲು ಹೊರಟ ಪಾಠವೇ ಕಲ್ಪನಾ ಅವರ ಕಾವೇರಿ ಎಂದು ನಾನು ತಿಳಿದಿದ್ದೇನೆ.

ಶರಪಂಜರದ ಬಳಿಕ ಪುಟ್ಟಣ್ಣನವರ ಚಿತ್ರಗಳಲ್ಲಿ ಕಲ್ಪನಾ ಕಾಣಿಸಿಕೊಳ್ಳಲಿಲ್ಲ. ೧೯೭೪ರ ‘ಎರಡು ಕನಸು’ ಚಿತ್ರದಲ್ಲಿ ರಾಜ್‌ಕುಮಾರ್ ಅವರೊಡನೆ, ಗಂಡನ ಒಲವಿಗೆ ಕಾಯುವ ಗೌರಿಯಾಗಿ ಮತ್ತೊಮ್ಮೆ ಜನರ ಮನ ಗೆದ್ದರು. ೧೯೭೬ರಲ್ಲಿ ‘ಬಯಲು ದಾರಿ’ ಬಂದಿತು. ಆದರೆ ಚಿತ್ರರಂಗದ ಗಾಳಿ ಬೇರೆ ಕಡೆಗೆ ಬೀಸತೊಡಗಿತ್ತು. ಹೊಸ ಮುಖಗಳು ಬಂದವು; ಆಕೆಗೆ ತಕ್ಕ ಪಾತ್ರಗಳು ಕಡಿಮೆಯಾದವು. ಮಿನುಗುತಾರೆ ಬೆಳ್ಳಿತೆರೆಯಿಂದ ಇಳಿದು ರಂಗಭೂಮಿಗೆ ಬಂದರು. ಬಂದದ್ದು ನಮ್ಮ ಉತ್ತರ ಕರ್ನಾಟಕಕ್ಕೆ, ಗುಡಿಗೇರಿ ಬಸವರಾಜರ ನಾಟಕ ಕಂಪನಿಗೆ.

ನಮ್ಮ ಸೀಮೆಯವರಿಗೆ ಕಂಪನಿ ನಾಟಕವೆಂದರೆ ಏನೆಂದು ಹೇಳಬೇಕಾಗಿಲ್ಲ. ಜಾತ್ರೆಯ ಬಯಲಿನಲ್ಲಿ ತಗಡು ಹೊದಿಸಿದ ಥಿಯೇಟರು, ಬಣ್ಣದ ಪರದೆ, ಬೆಳಗಿನ ಜಾವದವರೆಗೆ ಆಟ. ಒಂದು ಊರಿನ ಕ್ಯಾಂಪು ಮುಗಿದರೆ ಲಾರಿಯಲ್ಲಿ ಸಾಮಾನು ತುಂಬಿಕೊಂಡು ಇನ್ನೊಂದು ಊರಿಗೆ. ಚಿತ್ರದಲ್ಲಿ ಒಮ್ಮೆ ಅತ್ತರೆ ಸಾಕು. ನಾಟಕದಲ್ಲಿ ದಿನವೂ ಅಳಬೇಕು, ಮೈಯಲ್ಲಿ ಸುಖವಿಲ್ಲದಾಗಲೂ ಅಳಬೇಕು. ತೆರೆಯ ಮೇಲೆ ಮಾತ್ರ ಕಂಡಿದ್ದ ತಾರೆಯನ್ನು ಕಣ್ಣಾರೆ ಕಾಣಲು ಜನ ಸೇರಿದರು. ಆ ಜನರ ನಡುವೆ ಆಕೆಯ ಸ್ವಂತ ಬದುಕನ್ನು ಕುರಿತ ಪಿಸುಮಾತುಗಳೂ ಇದ್ದವು.

೧೯೭೯ರ ಮೇ ೧೨ರಂದು, ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಬಳಿಯ ಗೋಟೂರಿನ ಪ್ರವಾಸಿ ಮಂದಿರದಲ್ಲಿ ಕಲ್ಪನಾ ತೀರಿಕೊಂಡರು. ಆಗ ಆಕೆಗೆ ಮೂವತ್ತೈದು ವರ್ಷ. ಆ ಸಾವನ್ನು ಕುರಿತು ಇಂದಿಗೂ ಹಲವು ಬಗೆಯ ಮಾತುಗಳು ಹುಟ್ಟುತ್ತಲೇ ಇವೆ. ಸತ್ತವರ ಬಾಗಿಲನ್ನು ತಟ್ಟಿ ಗುಟ್ಟು ಕೇಳುವ ಆ ಗೋಜಿಗೆ ನಾನು ಹೋಗಲಾರೆ. ಬರೆದ ತ್ರಿವೇಣಿಯವರೂ ನಟಿಸಿದ ಕಲ್ಪನಾ ಅವರೂ ನಡುವಯಸ್ಸನ್ನು ಮುಟ್ಟುವ ಮೊದಲೇ ಹೋದರು; ಇಬ್ಬರೂ ಕೂಡಿ ಹೆತ್ತ ಕಾವೇರಿ ಐವತ್ತು ವರ್ಷ ದಾಟಿ ಉಳಿದಿದ್ದಾಳೆ.

ನಟನೆ ಸುಳ್ಳೋ ನಿಜವೋ ಎಂಬ ಹಿರಿಯರ ಪ್ರಶ್ನೆಗೆ ಉತ್ತರ ನಟಿಯ ಬಳಿ ಇಲ್ಲವೆಂದು ನನಗೆ ತೋರುತ್ತದೆ. ಅದು ನೋಡಿದವರ ಬಳಿ ಇದೆ. ಅತ್ತು ಎದ್ದುಬಂದವರು ಮರುದಿನ ಓಣಿಯಲ್ಲಿ ಹೇಗೆ ನಡೆದುಕೊಂಡರು ಎಂಬುದರ ಮೇಲೆ ಆ ಕಣ್ಣೀರಿನ ಬೆಲೆ ನಿಂತಿದೆ. ನಮ್ಮಲ್ಲಿ ಹಲವರು ನಮ್ಮ ನಮ್ಮ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗರು. ಊರಿನಲ್ಲಿ ಯಾರಿಗಾದರೂ ಇಂಥ ಕಾಯಿಲೆ ಬಂದಾಗ ಏನು ಮಾಡಬೇಕೆಂದು ಮನೆಯವರು ಕೇಳುವುದು ನಮ್ಮನ್ನೇ. ಆಗ ತಾಯತದ ಬದಲು ಆಸ್ಪತ್ರೆಯ ದಾರಿಯನ್ನು ತೋರಿಸೋಣ. ಗುಣವಾಗಿ ಬಂದವಳ ಮನೆಗೆ ಹಬ್ಬದ ದಿನ ಹೋಗಿ, ಆಕೆ ಕೊಟ್ಟ ಚಹಾ ಕುಡಿದು, ಆಕೆ ನಕ್ಕಾಗ ನಾವೂ ನಕ್ಕು ಬರೋಣ. ಮಿನುಗುತಾರೆಗೆ ನಮ್ಮ ಸೀಮೆಯವರು ಸಲ್ಲಿಸಬಹುದಾದ ಗೌರವ ಅದೇ.