ಮಾರಿಸ್ ಸ್ಟೋಕ್ಸ್

ಕ್ರೀಡಾಪಟುವಿನ ಕೀರ್ತಿಗೆ ಅವನ ದೇಹಬಲವೇ ಆಧಾರವೆಂಬುದು ಸಾಮಾನ್ಯವಾದ ತಿಳಿವಳಿಕೆ. ಬಲ ಕುಂದಿದೊಡನೆ ಚಪ್ಪಾಳೆಯ ಸದ್ದು ಅಡಗುತ್ತದೆ. ಜನರ ದೃಷ್ಟಿ ಹೊಸಬರತ್ತ ಹೊರಳುತ್ತದೆ. ಆದರೆ ಮೂರೇ ವರ್ಷ ಅಂಗಣದಲ್ಲಿ ಆಡಿ, ಅನಂತರ ಹನ್ನೆರಡು ವರ್ಷ ರೋಗಶಯ್ಯೆಯಲ್ಲಿ ಕಳೆದು, ಆ ಹನ್ನೆರಡು ವರ್ಷಗಳ ಕಾರಣದಿಂದಲೇ ಹೆಚ್ಚು ಸ್ಮರಣೀಯನಾದ ಆಟಗಾರನೊಬ್ಬನಿದ್ದನು. ಅವನೇ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಮಾರಿಸ್ ಸ್ಟೋಕ್ಸ್.

ಬ್ಯಾಸ್ಕೆಟ್‌ಬಾಲ್ ಆಟವು ಹುಟ್ಟಿದ್ದು 1891ರಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ. ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದು ಬೇಕೆಂದು ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯನು ಹತ್ತು ಅಡಿ ಎತ್ತರದಲ್ಲಿ ಹಣ್ಣಿನ ಬುಟ್ಟಿಗಳನ್ನು ಕಟ್ಟಿ, ಚೆಂಡನ್ನು ಅವುಗಳೊಳಗೆ ಎಸೆಯುವ ಆಟವನ್ನು ರೂಪಿಸಿದನು. ಕಾಲಕ್ರಮದಲ್ಲಿ ಅದು ಜನಪ್ರಿಯವಾಗಿ, ಅದನ್ನೇ ಜೀವನೋಪಾಯವಾಗಿ ಆಡುವ ವೃತ್ತಿಪರ ತಂಡಗಳು ಹುಟ್ಟಿಕೊಂಡವು. ಆ ತಂಡಗಳ ರಾಷ್ಟ್ರೀಯ ಸಂಘದಲ್ಲಿ 1950ರವರೆಗೆ ಕಪ್ಪು ಜನಾಂಗದ ಆಟಗಾರರಿಗೆ ಪ್ರವೇಶವೇ ದೊರೆತಿರಲಿಲ್ಲ. ಆ ಬಾಗಿಲು ತೆರೆದ ಐದು ವರ್ಷಗಳಲ್ಲಿಯೇ ಸ್ಟೋಕ್ಸ್ ಅಲ್ಲಿಗೆ ಕಾಲಿರಿಸಿದನು.

ಮಾರಿಸ್ ಸ್ಟೋಕ್ಸ್ 1933ರ ಜೂನ್ 17ರಂದು ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ನಗರದ ಸಮೀಪದ ರ‍್ಯಾಂಕಿನ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಉಕ್ಕಿನ ಕಾರ್ಖಾನೆಯಲ್ಲಿ ಕಾರ್ಮಿಕ; ತಾಯಿ ಪರರ ಮನೆಗೆಲಸ ಮಾಡಿ ಸಂಸಾರಕ್ಕೆ ನೆರವಾಗುತ್ತಿದ್ದಳು. ಮಾರಿಸನು ಎಂಟು ವರ್ಷದವನಾಗಿದ್ದಾಗ ಕುಟುಂಬವು ಪಿಟ್ಸ್‌ಬರ್ಗಿಗೆ ಬಂದು ನೆಲೆಸಿತು. ಅಲ್ಲಿಯ ವೆಸ್ಟಿಂಗ್‌ಹೌಸ್ ಪ್ರೌಢಶಾಲೆಯಲ್ಲಿ ಮೊದಲ ಎರಡು ವರ್ಷ ಆಟ ಆರಂಭಿಸುವ ಐವರಲ್ಲಿ ಅವನಿಗೆ ಸ್ಥಾನ ದೊರೆಯಲಿಲ್ಲ. ಆದರೆ ಅವನು ನಿರಾಶನಾಗಲಿಲ್ಲ. ಮುಂದೆ 1950 ಮತ್ತು 1951ರಲ್ಲಿ ಶಾಲೆಯ ತಂಡವು ನಗರದ ಪ್ರಶಸ್ತಿಯನ್ನು ಸತತವಾಗಿ ಗೆದ್ದಾಗ ಅದರ ಆಧಾರಸ್ತಂಭಗಳಲ್ಲಿ ಅವನೂ ಒಬ್ಬನಾಗಿದ್ದನು.

ಅನಂತರ ಅವನು ಲೊರೆಟೊ ಎಂಬ ಚಿಕ್ಕ ಊರಿನ ಸೇಂಟ್ ಫ್ರಾನ್ಸಿಸ್ ಕಾಲೇಜನ್ನು ಸೇರಿದನು. 1955ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ರಾಷ್ಟ್ರೀಯ ಆಹ್ವಾನಿತ ಪಂದ್ಯಾವಳಿಯಲ್ಲಿ ಹೆಸರಾಂತ ಕಾಲೇಜುಗಳ ನಡುವೆ ಈ ಪುಟ್ಟ ಕಾಲೇಜು ನಾಲ್ಕನೆಯ ಸ್ಥಾನ ಪಡೆಯಿತು. ತಂಡ ಗೆಲ್ಲದಿದ್ದರೂ ಪಂದ್ಯಾವಳಿಯ ಶ್ರೇಷ್ಠ ಆಟಗಾರನೆಂಬ ಗೌರವ ಸ್ಟೋಕ್ಸನಿಗೆ ಸಂದಿತು. ಅದೇ ವರ್ಷ ರಾಚೆಸ್ಟರ್ ರಾಯಲ್ಸ್ ಎಂಬ ವೃತ್ತಿಪರ ತಂಡವು ಅವನನ್ನು ಆರಿಸಿಕೊಂಡಿತು. ಪಿಟ್ಸ್‌ಬರ್ಗಿನವನೇ ಆದ ಜ್ಯಾಕ್ ಟ್ವೈಮನ್ ಎಂಬ ಬಿಳಿಯ ತರುಣನೂ ಆ ವರ್ಷವೇ ಅದೇ ತಂಡಕ್ಕೆ ಸೇರಿದನು.

ಆರು ಅಡಿ ಏಳು ಅಂಗುಲ ಎತ್ತರ, ನೂರು ಕಿಲೋಗ್ರಾಂಗೂ ಮಿಕ್ಕಿದ ತೂಕ — ಇದು ಸ್ಟೋಕ್ಸನ ದೇಹಪ್ರಮಾಣ. ಅಂದಿನ ದಿನಗಳಲ್ಲಿ ಇಂತಹ ಎತ್ತರದ ಆಟಗಾರರು ಬುಟ್ಟಿಯ ಕೆಳಗೆ ನಿಂತು, ಗುರಿ ತಪ್ಪಿ ಚಿಮ್ಮಿ ಬರುವ ಚೆಂಡನ್ನು ಹಿಡಿಯುತ್ತಿದ್ದರು. ಚೆಂಡನ್ನು ಪುಟಿಸುತ್ತ ಓಡುವುದೂ ಜೊತೆಯವರಿಗೆ ಒದಗಿಸುವುದೂ ಕುಳ್ಳಗಿನ ಚುರುಕಾದ ಆಟಗಾರರ ಕೆಲಸವಾಗಿತ್ತು. ಸ್ಟೋಕ್ಸನಾದರೋ ಈ ಎರಡರಲ್ಲಿಯೂ ಸಮಾನವಾಗಿ ನಿಪುಣನಾಗಿದ್ದನು. ವೃತ್ತಿಜೀವನದ ಮೊದಲ ಪಂದ್ಯದಲ್ಲಿಯೇ ಅವನು 32 ಅಂಕಗಳನ್ನು ಗಳಿಸಿ, 20 ಬಾರಿ ಚಿಮ್ಮಿದ ಚೆಂಡನ್ನು ವಶಪಡಿಸಿಕೊಂಡನು. 1956ರಲ್ಲಿ ವರ್ಷದ ಶ್ರೇಷ್ಠ ಹೊಸ ಆಟಗಾರನೆಂಬ ಪ್ರಶಸ್ತಿ ಅವನದಾಯಿತು. ಮರುವರ್ಷ 1,256 ಬಾರಿ ಚಿಮ್ಮಿದ ಚೆಂಡನ್ನು ಹಿಡಿದು ಹೊಸ ದಾಖಲೆಯನ್ನು ಸ್ಥಾಪಿಸಿದನು. ಆಡಿದ ಮೂರು ವರ್ಷಗಳ ಮೊತ್ತವನ್ನು ನೋಡಿದರೆ, ಈ ಕಾರ್ಯದಲ್ಲಿ ಇಡೀ ಸಂಘದಲ್ಲಿ ಅವನೇ ಮೊದಲಿಗ; ಸಹ ಆಟಗಾರರಿಗೆ ಚೆಂಡನ್ನು ಒದಗಿಸಿ ಅಂಕ ದೊರಕಿಸಿಕೊಟ್ಟವರಲ್ಲಿ ಎರಡನೆಯವನು. 1957ರಲ್ಲಿ ರಾಯಲ್ಸ್ ತಂಡವು ಓಹಾಯೊ ರಾಜ್ಯದ ಸಿನ್ಸಿನಾಟಿ ನಗರಕ್ಕೆ ಸ್ಥಳಾಂತರಗೊಂಡಿತು.

1958ರ ಮಾರ್ಚ್ 12ರಂದು ಮಿನಿಯಾಪೊಲಿಸ್ ನಗರದಲ್ಲಿ ಪಂದ್ಯ ನಡೆಯುತ್ತಿತ್ತು. ಚೆಂಡಿನೊಡನೆ ಬುಟ್ಟಿಯತ್ತ ನುಗ್ಗಿದ ಸ್ಟೋಕ್ಸನು ಎದುರಾಳಿಗೆ ತಗುಲಿ ಕೆಳಗೆ ಬಿದ್ದನು. ತಲೆ ನೆಲಕ್ಕೆ ಬಡಿದು ಪ್ರಜ್ಞೆ ತಪ್ಪಿತು. ಮದ್ದಿನ ವಾಸನೆ ತೋರಿಸಿ ಅವನನ್ನು ಎಚ್ಚರಿಸಲಾಯಿತು. ತಲೆಗೆ ಬಿದ್ದ ಪೆಟ್ಟಿನ ಅಪಾಯವನ್ನು ಅಂದು ಯಾರೂ ಸರಿಯಾಗಿ ಅರಿತಿರಲಿಲ್ಲ. ಅವನು ಎದ್ದು ಮತ್ತೆ ಆಡಿದನು. ಮೂರು ದಿನಗಳ ಅನಂತರ ಡೆಟ್ರಾಯಿಟ್‌ನಲ್ಲಿ ಇನ್ನೊಂದು ಪಂದ್ಯವನ್ನೂ ಆಡಿದನು. ಅಲ್ಲಿಂದ ವಿಮಾನದಲ್ಲಿ ಹಿಂದಿರುಗುವಾಗ ಅವನ ಆರೋಗ್ಯ ಒಮ್ಮೆಲೇ ಕೆಟ್ಟಿತು. ದೇಹ ಸೆಟೆದು ನಡುಗಿತು; ಅರಿವು ಅಳಿಯಿತು. ಬಹುಕಾಲದ ಮೇಲೆ ಅವನು ಕಣ್ತೆರೆದಾಗ ಕೈಕಾಲುಗಳು ಅವನ ಅಧೀನದಲ್ಲಿರಲಿಲ್ಲ. ನಾಲಿಗೆಯಿಂದ ಮಾತು ಹೊರಡುತ್ತಿರಲಿಲ್ಲ. ಬುದ್ಧಿ ಮಾತ್ರ ಮೊದಲಿನಂತೆಯೇ ನಿರ್ಮಲವಾಗಿತ್ತು. ಆಗ ಅವನ ವಯಸ್ಸು ಇಪ್ಪತ್ನಾಲ್ಕು.

ಚಿಕಿತ್ಸೆಯ ವೆಚ್ಚ ಅಪಾರವಾಗಿತ್ತು. ಆಟಗಾರರಿಗೆ ಇಂತಹ ಆಪತ್ತಿನಲ್ಲಿ ನೆರವು ನೀಡುವ ಏರ್ಪಾಡು ಅಂದು ಇರಲಿಲ್ಲ. ಸ್ಟೋಕ್ಸನು ಉಳಿಸಿದ್ದ ಹಣ ಬ್ಯಾಂಕಿನಲ್ಲಿತ್ತು. ಆದರೆ ಸಹಿ ಹಾಕಲಾರದವನ ಹಣವನ್ನು ತೆಗೆಯುವವರು ಯಾರು? ಅವನ ತಂದೆತಾಯಿಗಳು ದೂರದ ಪಿಟ್ಸ್‌ಬರ್ಗಿನಲ್ಲಿದ್ದರು. ಆಟದ ಕಾಲ ಮುಗಿದುದರಿಂದ ತಂಡದವರು ತಮ್ಮ ತಮ್ಮ ಊರುಗಳಿಗೆ ತೆರಳಿದ್ದರು. ಆಗ ಮುಂದೆ ಬಂದವನು ಸಿನ್ಸಿನಾಟಿಯಲ್ಲಿಯೇ ವಾಸವಾಗಿದ್ದ ಜ್ಯಾಕ್ ಟ್ವೈಮನ್. ಅವನು ಸ್ಟೋಕ್ಸನಿಗೆ ಬಂಧುವಲ್ಲ, ಪ್ರಾಣಸ್ನೇಹಿತನೂ ಅಲ್ಲ, ಕೇವಲ ಒಡನೆ ಆಡಿದವನು. ವಯಸ್ಸು ಇಪ್ಪತ್ಮೂರು. ಆದರೂ ಅವನು ನ್ಯಾಯಾಲಯಕ್ಕೆ ಹೋಗಿ, ಸ್ಟೋಕ್ಸನ ಕಾನೂನುಬದ್ಧ ಪೋಷಕನಾಗಲು ಒಪ್ಪಿ ಆ ಹೊಣೆಯನ್ನು ಹೊತ್ತನು. ವರ್ಣಭೇದವನ್ನು ನಿಷೇಧಿಸಿದ 1964ರ ನಾಗರಿಕ ಹಕ್ಕುಗಳ ಕಾಯಿದೆ ಇನ್ನೂ ಬಾರದಿದ್ದ ಕಾಲವದು. ಬಿಳಿಯನೊಬ್ಬನು ಕಪ್ಪು ಜನಾಂಗದವನ ಪೋಷಕನಾಗಿ ನಿಂತುದು ಅಂದಿನ ಅಮೆರಿಕದಲ್ಲಿ ಅಪರೂಪದ ಸಂಗತಿಯಾಗಿತ್ತು.

ಟ್ವೈಮನ್ ಮೊದಲು ಓಹಾಯೊ ರಾಜ್ಯದ ಕಾರ್ಮಿಕ ಪರಿಹಾರದ ಕಾನೂನನ್ನು ಆಶ್ರಯಿಸಿದನು. ಕಾರ್ಖಾನೆಯಲ್ಲಿ ಗಾಯಗೊಂಡ ಕಾರ್ಮಿಕನಿಗೆ ಪರಿಹಾರ ಸಲ್ಲುವಂತೆ, ಅಂಗಣದಲ್ಲಿ ಗಾಯಗೊಂಡ ವೃತ್ತಿಪರ ಆಟಗಾರನಿಗೂ ಅದು ಸಲ್ಲಬೇಕೆಂದು ಹೋರಾಡಿ ಅದನ್ನು ಪಡೆದನು. ಅಷ್ಟರಿಂದಲೇ ವೆಚ್ಚ ಪೂರೈಸುವಂತಿರಲಿಲ್ಲ. ಆದುದರಿಂದ ನ್ಯೂಯಾರ್ಕ್ ರಾಜ್ಯದ ಮಾಂಟಿಸೆಲೊ ಎಂಬಲ್ಲಿಯ ವಿಹಾರಧಾಮವೊಂದರಲ್ಲಿ ಪ್ರತಿ ಬೇಸಗೆಯಲ್ಲಿಯೂ ಸಹಾಯಾರ್ಥ ಪಂದ್ಯ ಏರ್ಪಡಿಸಿದನು. ವಿಲ್ಟ್ ಚೇಂಬರ್ಲೇನ್ ಮೊದಲಾದ ಪ್ರಖ್ಯಾತ ಆಟಗಾರರು ಅದರಲ್ಲಿ ಭಾಗವಹಿಸಿದರು. ಇಷ್ಟೆಲ್ಲ ಹೊಣೆಯ ನಡುವೆಯೂ ಟ್ವೈಮನ್ ತನ್ನ ಆಟವನ್ನು ಕಡೆಗಣಿಸಲಿಲ್ಲ. 1959-60ರ ಸಾಲಿನಲ್ಲಿ ಪಂದ್ಯವೊಂದಕ್ಕೆ ಸರಾಸರಿ 31.2 ಅಂಕಗಳನ್ನು ಗಳಿಸಿದನು.

ಇತ್ತ ಸ್ಟೋಕ್ಸನು ಕೈಚೆಲ್ಲಿ ಕುಳಿತಿರಲಿಲ್ಲ. ಬಳಿಯಲ್ಲಿದ್ದವರು ಇಂಗ್ಲಿಷ್ ಅಕ್ಷರಮಾಲೆಯನ್ನು ಒಂದೊಂದಾಗಿ ಹೇಳುತ್ತ ಹೋಗುವರು. ಬೇಕಾದ ಅಕ್ಷರ ಬಂದೊಡನೆ ಅವನು ಕಣ್ಣು ಮಿಟುಕಿಸುವನು. ಹೀಗೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಒಂದು ಮಾತನ್ನು ಪೂರ್ಣಗೊಳಿಸಬೇಕಾಗಿತ್ತು. ಒಂದು ಕಾಲದಲ್ಲಿ ಚೆಂಡನ್ನು ಲೀಲಾಜಾಲವಾಗಿ ಆಡಿಸಿದ ಬೆರಳುಗಳನ್ನು ಅಲುಗಿಸಲು ಅವನು ವರ್ಷಗಟ್ಟಲೆ ಶ್ರಮಿಸಿದನು. ಕ್ರಮೇಣ ಬೆರಳಚ್ಚು ಯಂತ್ರವನ್ನು ಬಳಸಲು ಕಲಿತನು. ಆಧಾರ ಹಿಡಿದು ಕೆಲವು ಹೆಜ್ಜೆ ಇಡಲು ಸಮರ್ಥನಾದನು. ಅಂಗಣದ ಗೆಲುವುಗಳಿಗಿಂತ ಈ ಗೆಲುವುಗಳು ಹೆಚ್ಚು ಕಷ್ಟಸಾಧ್ಯವಾಗಿದ್ದವು. ಇವುಗಳಿಗೆ ಪ್ರೇಕ್ಷಕರ ಕರತಾಡನವಿರಲಿಲ್ಲ.

1970ರ ಏಪ್ರಿಲ್ 6ರಂದು ಸ್ಟೋಕ್ಸನು ಹೃದಯಾಘಾತದಿಂದ ಸಿನ್ಸಿನಾಟಿಯಲ್ಲಿ ನಿಧನನಾದನು. ಆಗ ಅವನಿಗೆ ಮೂವತ್ತಾರು ವರ್ಷ. ಅವನ ಇಚ್ಛೆಯಂತೆಯೇ ಅವನು ಓದಿದ ಕಾಲೇಜಿನ ನೆಲದಲ್ಲಿ, ಲೊರೆಟೊದಲ್ಲಿ, ಅವನನ್ನು ಸಮಾಧಿ ಮಾಡಲಾಯಿತು. ಹನ್ನೆರಡು ವರ್ಷಗಳ ಕಾಲ ಟ್ವೈಮನ್ ತಾನು ಹೊತ್ತ ಹೊಣೆಯನ್ನು ಒಂದು ದಿನವೂ ಇಳಿಸಿರಲಿಲ್ಲ.

ನೈಸ್ಮಿತ್‌ನ ಹೆಸರಿನ ಕೀರ್ತಿಮಂದಿರವೊಂದು ಸ್ಪ್ರಿಂಗ್‌ಫೀಲ್ಡಿನಲ್ಲಿದೆ. 2004ರಲ್ಲಿ ಅಲ್ಲಿ ಸ್ಟೋಕ್ಸನ ಹೆಸರು ಸೇರಿದಾಗ, ಅವನ ಪರವಾಗಿ ಆ ಗೌರವವನ್ನು ಸ್ವೀಕರಿಸಿದವನು ಎಪ್ಪತ್ತು ವರ್ಷದ ಟ್ವೈಮನ್. ಅವನು 2012ರಲ್ಲಿ ಕಾಲವಾದನು. ಮರುವರ್ಷ ರಾಷ್ಟ್ರೀಯ ಸಂಘವು ಈ ಇಬ್ಬರ ಹೆಸರಿನಲ್ಲಿಯೂ ಪ್ರಶಸ್ತಿಯೊಂದನ್ನು ಸ್ಥಾಪಿಸಿತು. ಅದು ಹೆಚ್ಚು ಅಂಕ ಗಳಿಸಿದವನಿಗೆ ಸಲ್ಲುವುದಲ್ಲ. ಅತ್ಯುತ್ತಮ ಜೊತೆಗಾರನಿಗೆ ಸಲ್ಲುವುದು.

ಒಂದೇ ತಂಡದಲ್ಲಿ ಆಡುವುದು ಆಕಸ್ಮಿಕವಾಗಿ ಒದಗುವ ಸಂಬಂಧ. ಅದನ್ನು ಬಾಳಿನ ಕರ್ತವ್ಯವೆಂದು ತಿಳಿದು ನಡೆದವನು ಟ್ವೈಮನ್. ಆ ನೆರವಿಗೆ ತಕ್ಕ ಛಲವನ್ನು ಕೊನೆಯವರೆಗೆ ತೋರಿದವನು ಸ್ಟೋಕ್ಸ್. ಆಟದಲ್ಲಿ ಕೂಡಿ ಗೆಲ್ಲುವುದನ್ನು ಅನೇಕರು ಬಲ್ಲರು. ಆಟ ಮುಗಿದ ಮೇಲೆಯೂ ಕೂಡಿ ಬಾಳುವುದನ್ನು ಕಲಿಯಬೇಕಾದವರು ಈ ಇಬ್ಬರ ಜೀವನವನ್ನು ನೆನೆಯಬೇಕು.